ಗಂಡನ ವೀರ್ಯಾಣು ಕೌಂಟ್ ಕಮ್ಮಿ ಅಂತ ಹೋದ ಐವಿಎಫ್ ಸೆಂಟರ್: ಐದಕ್ಕೆ ಮೂರೂವರೆ ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಸೆಂಟರ್ ಹೆಸರು ಹಾಕಲ್ಲ, ಮೆಸೇಜ್ ಮಾಡಿನೂ ಕೇಳ್ಬೇಡಿ. ಬೆಂಗಳೂರಲ್ಲಿದೆ, ದೊಡ್ಡ ಚೈನ್ ಅಲ್ಲ, ಆಟೋ ಹಿಂದೆ, ಮೆಟ್ರೋ ಪಿಲ್ಲರ್ ಮೇಲೆ ನಗ್ತಿರೋ ಮಗು ಫೋಟೋ ಹಾಕೋ ಪೈಕಿನೂ ಅಲ್ಲ, ಇಷ್ಟು ಸಾಕು. ಮಗು ಆಯ್ತಾ ಅನ್ನೋದೇ ನಿಮ್ಮ ಮೊದಲ್ನೇ ಪ್ರಶ್ನೆ ಅಂತ ಗೊತ್ತು. ಆಯ್ತು. ಮೊದಲು ಹಾಕಿದ ಎಂಬ್ರಿಯೋ, ಅಂದ್ರೆ ಲ್ಯಾಬಲ್ಲಿ ಬೆಳೆಸಿದ ಭ್ರೂಣ, ನಿಲ್ಲಲಿಲ್ಲ, ಫ್ರೀಜ್ ಮಾಡಿಟ್ಟಿದ್ರಲ್ಲಿ ಆಮೇಲೆ ಹಾಕಿದ್ದು ನಿಂತ್ಕೊಂಡ್ತು, ಮಗಳು ಹುಟ್ಟಿದ್ಲು. ಆದ್ರೆ ಆ ಖುಷಿಗೆ ಅಂತ ನಾನು ಒಂದು ಸ್ಟಾರೂ ಜಾಸ್ತಿ ಕೊಟ್ಟಿಲ್ಲ.

ಯಾಕಂದ್ರೆ ಐವಿಎಫ್ ಸೆಂಟರ್‌ಗಳ ರಿವ್ಯೂ ಒಂದ್ಸಲ ಓದಿ ನೋಡಿ, ಮಗು ಆದೋರೆಲ್ಲ ಐದು ಸ್ಟಾರ್ ಕೊಟ್ಟು ಡಾಕ್ಟ್ರು ದೇವ್ರು ಅಂದಿರ್ತಾರೆ, ಆಗದೇ ಇರೋರೆಲ್ಲ ಒಂದು ಸ್ಟಾರ್ ಕೊಟ್ಟು ದುಡ್ಡು ಕೀಳೋ ದಂಧೆ ಅಂದಿರ್ತಾರೆ, ಮಧ್ಯದಲ್ಲಿ ಒಬ್ರೂ ಇರಲ್ಲ. ಅದೇ ಡಾಕ್ಟ್ರು, ಅದೇ ಲ್ಯಾಬು! ಬ್ರಿಟನ್‌ನಲ್ಲಿ ಎಲ್ಲಾ ಫರ್ಟಿಲಿಟಿ ಕ್ಲಿನಿಕ್‌ಗಳ ಲೆಕ್ಕ ತಗೊಳ್ಳೋ ಎಚ್‌ಎಫ್‌ಇಎ ಅನ್ನೋ ಸಂಸ್ಥೆ ಇದೆ, ಅವ್ರ 2019ರ ಲೆಕ್ಕದ ಪ್ರಕಾರ 35 ವರ್ಷದೊಳಗಿನ ಹೆಂಗಸ್ರಿಗೆ ಹಾಕಿದ ಪ್ರತಿ ಎಂಬ್ರಿಯೋಗೆ ಮಗು ಹುಟ್ಟಿರೋದು ಶೇ. 32, ವಯಸ್ಸು 43 ದಾಟಿದೋರಲ್ಲಿ ಶೇ. 5ಕ್ಕಿಂತ ಕಮ್ಮಿ. ಅಂದ್ರೆ ಚಿಕ್ಕ ವಯಸ್ಸಿನೋರಿಗೇ ಮೂರು ಸಲ ಹಾಕಿದ್ರೆ ಎರಡು ಸಲ ಆಗಲ್ಲ. ಹೀಗಿರೋವಾಗ ನಂಗಾಯ್ತು, ಪಕ್ಕದ ಮನೆಯೋಳಿಗೆ ಆಗ್ಲಿಲ್ಲ ಅನ್ನೋದ್ರಿಂದ ಸೆಂಟರ್ ಒಳ್ಳೇದೋ ಕೆಟ್ಟದ್ದೋ ಅಂತ ಹೇಳಕ್ಕಾಗಲ್ಲ. ಅದಕ್ಕೇ ನಾನು ಅವ್ರ ಕೈಯಲ್ಲಿ ಏನಿತ್ತೋ ಅದಕ್ಕೆ ಮಾತ್ರ ಮಾರ್ಕ್ಸ್ ಹಾಕ್ತಿದೀನಿ. ಏನೇನು ಟೆಸ್ಟ್ ಮಾಡಿದ್ರು, ಏನು ಹೇಳಿದ್ರು, ಏನು ಮುಚ್ಚಿಟ್ರು, ಬಿಲ್ಲಲ್ಲಿ ಏನು ಸೇರ್ಸಿದ್ರು.

ನಮ್ಮ ಕೇಸು ಏನಂದ್ರೆ, ನಂದು ಎಲ್ಲಾ ಸರಿ ಇತ್ತು, ನಮ್ಮನೆಯವ್ರ ಕೌಂಟ್ ತೀರಾ ಕಮ್ಮಿ. ಇದನ್ನ ಇಲ್ಲಿ ಬರೀಬೋದಾ ಅಂತ ಅವ್ರನ್ನೇ ಕೇಳ್ದೆ, ಬರಿ ಆದ್ರೆ ನನ್ನ ಹೆಸ್ರು ಹಾಕ್ಬೇಡ ಅಂದ್ರು, ಅಷ್ಟೇ. ಮಕ್ಕಳಾಗದೇ ಇರೋ ಜೋಡಿಗಳಲ್ಲಿ ಹತ್ರ ಹತ್ರ ಅರ್ಧದಷ್ಟು ಕಡೆ ಗಂಡಸಿನ ಕಡೆಯಿಂದ್ಲೂ ಏನಾದ್ರೂ ತೊಂದ್ರೆ ಇದ್ದೇ ಇರತ್ತೆ, ಪೂರ್ತಿ ಅವ್ರದ್ದೇ ಅಲ್ದಿದ್ರೂ ಜೊತೆಗೆ ಸೇರ್ಕೊಂಡಿರತ್ತೆ. ಆದ್ರೂ ತಿಪಟೂರಲ್ಲಿ ನಮ್ಮತ್ತೆ ಕರ್ಕೊಂಡ್ ಹೋಗಿದ್ದು ನನ್ನನ್ನ, ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲಿಗೆ ಹರಕೆ ಹೊತ್ತಿದ್ದು ನನ್ನ ಹೆಸ್ರಲ್ಲಿ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಹತ್ರ ತೊಟ್ಟಿಲು ಕಟ್ಟಿದ್ದೂ ನಾನೇ. ದೇವ್ರ ಬಗ್ಗೆ ನಂದೇನೂ ತಕರಾರಿಲ್ಲ. ಡಾಕ್ಟ್ರುಗಳೂ ಹಂಗೇ ಮಾಡಿದ್ರು, ಅದು ತಕರಾರು. ಇದಕ್ಕೂ ಮುಂಚೆ ಹೋಗ್ತಿದ್ದ ಆಸ್ಪತ್ರೆಲಿ ನಂಗೆ ಸ್ಕ್ಯಾನ್, ಟ್ಯೂಬ್ ಟೆಸ್ಟ್, ಥೈರಾಯ್ಡ್, ಲ್ಯಾಪ್ರೋಸ್ಕೋಪಿ ಮಾಡಿಸ್ಬೇಕು ಅನ್ನೋ ಮಾತು, ಎಲ್ಲಾ ಆದ್ಮೇಲೆ ಕೊನೇಲಿ ಅವ್ರ ಸೆಮೆನ್ ಟೆಸ್ಟು. ಅಲ್ಲಿ ರಿಪೋರ್ಟ್ ಕೆಂಪು ಅಕ್ಷರದಲ್ಲಿ ಬಂದ್ರೂ ಒಂದು ಆಂಟಿಆಕ್ಸಿಡೆಂಟ್ ಮಾತ್ರೆ ಬರೆದು ಐಯುಐ, ಅಂದ್ರೆ ವೀರ್ಯ ತೊಳೆದು ಗರ್ಭಕೋಶದೊಳಗೆ ಬಿಡೋದು, ಮಾಡ್ತಾ ಹೋದ್ರು. ತೊಳೆದ್ಮೇಲೆ ಚಲಿಸೋ ವೀರ್ಯಾಣು 5 ಮಿಲಿಯನ್‌ಗಿಂತ ಕೆಳಗಿದ್ರೆ ಐಯುಐ ಫಲ ಕೊಡೋದು ತುಂಬಾ ಕಮ್ಮಿ ಅಂತ ಗೈಡ್‌ಲೈನ್‌ನಲ್ಲೇ ಇದೆ, ನಮ್ದು ಅದರ ಹತ್ರಾನೂ ಇರ್ಲಿಲ್ಲ.

ಈ ಸೆಂಟರ್‌ಗೆ ನಾನು ಎರಡು ಸ್ಟಾರ್ ಕಣ್ಮುಚ್ಚಿ ಕೊಡೋದು ಇದೇ ಕಾರಣಕ್ಕೆ. ಮೊದಲ್ನೇ ದಿನ ನನ್ನ ಫೈಲ್ ತಿರುವಿ ನೋಡಿದ ಡಾಕ್ಟ್ರು ಮೇಡಂ, "ಇವ್ರನ್ನ ಯಾರಾದ್ರೂ ಮುಟ್ಟಿ ನೋಡಿದ್ದಾರಾ?" ಅಂತ ನಮ್ಮನೆಯವ್ರ ಕಡೆ ಕೈ ತೋರ್ಸಿದ್ರು. ಇಲ್ಲ ಅಂದ್ವಿ. ವಾರಕ್ಕೊಂದ್ಸಲ ಬರೋ ಆಂಡ್ರಾಲಜಿಸ್ಟ್, ಅಂದ್ರೆ ಗಂಡಸರ ಬಂಜೆತನದ ಡಾಕ್ಟ್ರ ಹತ್ರ ಕಳ್ಸಿದ್ರು. ಅವ್ರು ಕೇಳಿದ ಪ್ರಶ್ನೆಗಳು ನೋಡಿ, ಚಿಕ್ಕೋರಿದ್ದಾಗ ಮಂಗನಬಾವು ಬಂದು ಬೀಜ ಊದಿತ್ತಾ, ಹರ್ನಿಯಾ ಆಪರೇಷನ್ ಆಗಿತ್ತಾ, ಶುಗರ್ ಇದ್ಯಾ, ಬೀಡಿ ಸಿಗರೇಟು ಗುಟ್ಕಾ ಎಷ್ಟು, ಫೌಂಡ್ರಿ ಬೇಕರಿ ತರ ಬಿಸಿ ಜಾಗದಲ್ಲಿ ಕೆಲಸಾನಾ, ಜಿಮ್‌ಗೆ ಹೋಗಿ ಇಂಜೆಕ್ಷನ್ ಏನಾದ್ರೂ ತಗೊಂಡ್ರಾ. ಆಮೇಲೆ ನಿಲ್ಲಿಸಿ ಕೈಯಲ್ಲಿ ಮುಟ್ಟಿ ಪರೀಕ್ಷೆ, ಬೇರೆ ಬೇರೆ ಸೈಜಿನ ಮಣಿ ಪೋಣಿಸಿರೋ ಒಂದು ದಾರ ಹಿಡ್ಕೊಂಡು ಬೀಜದ ಅಳತೆ. ಆಚೆ ಬಂದು ಇವ್ರು ಹೇಳಿದ ಮೊದಲ ಮಾತು, "ಲೇ, ಅದ್ಯಾವ ಜಪಮಣಿನೇ ಅದು". ನಂಗೆ ನಗು ತಡೆಯಕ್ಕಾಗ್ಲಿಲ್ಲ, ಎಷ್ಟೋ ತಿಂಗಳಾದ್ಮೇಲೆ ಒಂದು ಆಸ್ಪತ್ರೆಲಿ ನಕ್ಕಿದ್ದು ಅವತ್ತೇ.

ಜಿಮ್ ಇಂಜೆಕ್ಷನ್ ವಿಷ್ಯ ಯಾಕೆ ಹೇಳ್ತಿದೀನಿ ಅಂದ್ರೆ, ವೇಟಿಂಗ್ ಹಾಲಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗ ಮೈಕಟ್ಟು ಭಾರಿ ಚೆನ್ನಾಗಿತ್ತು, ಕೌಂಟ್ ಸೊನ್ನೆ. ಟ್ರೈನರ್ ಕೊಟ್ಟಿದ್ದು ಟೆಸ್ಟೋಸ್ಟಿರಾನ್. ಹೊರಗಿಂದ ಹಾರ್ಮೋನು ಬಂದ್ರೆ ಮೆದುಳು ಒಳಗಿನ ಫ್ಯಾಕ್ಟರಿಗೆ ಆರ್ಡರ್ ಕೊಡೋದೇ ನಿಲ್ಸಿಬಿಡತ್ತೆ, ವೀರ್ಯಾಣು ತಯಾರಾಗಲ್ಲ, ನಿಲ್ಲಿಸಿದ್ಮೇಲೆ ವಾಪಸ್ ಬರೋಕೆ ಎಷ್ಟೋ ತಿಂಗಳು, ಕೆಲವರಿಗೆ ವರ್ಷಾನೇ ಬೇಕು. ಗಂಡಸ್ತನ ಹೆಚ್ಸತ್ತೆ ಅಂತ ತಗೊಂಡಿದ್ದು ಅದನ್ನೇ ಬಂದ್ ಮಾಡ್ತು. ಆ ಹುಡುಗನಿಗೆ ಐವಿಎಫ್ ಪ್ಯಾಕೇಜ್ ಕಟ್ಟದೆ ಇಂಜೆಕ್ಷನ್ ನಿಲ್ಸಿ ಕಾಯಿ ಅಂತ ಕಳ್ಸಿದ್ರಂತೆ, ಇದಕ್ಕೂ ಸೇರಿಸಿನೇ ಆ ಎರಡು ಸ್ಟಾರು.

ನಮ್ಮವ್ರ ರಿಪೋರ್ಟ್ ಮಿಲಿಲೀಟರ್‌ಗೆ ಸುಮಾರು 2 ಮಿಲಿಯನ್. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪುಸ್ತಕದಲ್ಲಿ ಕೆಳಗಿನ ಗೆರೆ 16 ಮಿಲಿಯನ್. ಈ ಗೆರೆನ ಎಲ್ಲರೂ ಪಾಸ್ ಮಾರ್ಕ್ ಅಂದ್ಕೊಳ್ತಾರೆ, ಡಾಕ್ಟ್ರು ಬಿಡಿಸಿ ಹೇಳಿದ್ರು, ಒಂದು ವರ್ಷದೊಳಗೆ ಸಹಜವಾಗಿ ಹೆಂಡತಿ ಬಸುರಿಯಾದ ಗಂಡಸ್ರನ್ನ ಸಾಲಾಗಿ ನಿಲ್ಸಿದ್ರೆ ಕೊನೇ ಶೇ. 5 ಜನ ಇರೋ ಜಾಗ ಅದು, ಅದಕ್ಕಿಂತ ಕೆಳಗಿದ್ರೆ ಆಗೋದೇ ಇಲ್ಲ ಅಂತಲ್ಲ, ಮೇಲಿದ್ರೆ ಗ್ಯಾರಂಟಿನೂ ಅಲ್ಲ. ಇನ್ನೊಂದು, ಆಕಾರ ಸರಿ ಇರೋದು ಶೇ. 4 ಅಂತ ನೋಡಿ ಎದೆ ಒಡ್ಕೊಳ್ಳೋರು ಜಾಸ್ತಿ, ಆ 4 ಅನ್ನೋದೂ ನಾರ್ಮಲ್ ಒಳಗೇ ಕಣ್ರಪ್ಪಾ, ಬಹುಪಾಲು ಡೊಂಕು ಇರೋದು ಎಲ್ಲಾ ಗಂಡಸರಲ್ಲೂ ಮಾಮೂಲಿ. ಮತ್ತೆ ಒಂದೇ ಟೆಸ್ಟ್ ನಂಬ್ಕೊಂಡು ಕೂರ್ಬೇಡಿ, ಎರಡರಿಂದ ಏಳು ದಿನ ವೀರ್ಯ ಆಚೆ ಹೋಗದ ಹಾಗೆ ಗ್ಯಾಪ್ ಇಟ್ಟು, ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪೋ ಹಾಗೆ ಕೊಡ್ಬೇಕು, ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಮಾಡಿಸ್ಬೇಕು. ಜ್ವರ ಬಂದು ಹೋಗಿದ್ರೂ ರಿಪೋರ್ಟ್ ಬಿದ್ದೋಗತ್ತೆ.

ಕೌಂಟ್ ಇಷ್ಟು ಕಮ್ಮಿ ಇರೋದ್ರಿಂದ ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಹಾರ್ಮೋನ್ ಟೆಸ್ಟ್, ಜೊತೆಗೆ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳ ಎಣಿಕೆ, ಆಕಾರ ನೋಡೋದು) ಮತ್ತು ವೈ ಕ್ರೋಮೋಸೋಮ್ ಟೆಸ್ಟ್ ಬರೆದ್ರು. ವೈ ಕ್ರೋಮೋಸೋಮಲ್ಲಿ ಒಂದು ತುಣುಕು ಇಲ್ಲದೇ ಇದ್ರೆ ಅದು ಹುಟ್ಟೋ ಗಂಡು ಮಕ್ಕಳಿಗೆಲ್ಲ ಹಾಗೇ ದಾಟತ್ತಂತೆ, ಅಪ್ಪನ ತೊಂದ್ರೆ ಮಗನಿಗೂ. ಇದನ್ನ ಟ್ರೀಟ್‌ಮೆಂಟಿಗೆ ಮುಂಚೆ ಹೇಳೋ ಸೆಂಟರ್ ಸಿಕ್ಕಿದ್ದು ನಂಗೆ ಸಮಾಧಾನ. ನಮ್ದು ನಾರ್ಮಲ್ ಬಂತು, ಕಾರಣ ಮಾತ್ರ ಸಿಗ್ಲಿಲ್ಲ. ಹಳೇ ಆಸ್ಪತ್ರೆಲಿ ಸ್ಕ್ಯಾನಲ್ಲಿ ಸಣ್ಣ ವೆರಿಕೋಸೀಲ್ (ಬೀಜದ ಸುತ್ತಲ ರಕ್ತನಾಳ ಊದೋದು) ಇದೆ, ಆಪರೇಷನ್ ಮಾಡಿಸಿ ಅಂದಿದ್ರು. ಇವ್ರು ಕೈಗೆ ಸಿಗದೇ ಸ್ಕ್ಯಾನಲ್ಲಿ ಮಾತ್ರ ಕಾಣೋ ವೆರಿಕೋಸೀಲ್‌ಗೆ ಕತ್ತರಿ ಹಾಕೋದ್ರಿಂದ ಉಪಯೋಗ ಇಲ್ಲ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ರು. ಒಂದು ಆಪರೇಷನ್ ದುಡ್ಡು ಬಿಟ್ಟುಕೊಟ್ಟ ಡಾಕ್ಟ್ರನ್ನ ನಾನು ನೋಡಿದ್ದು ಇಲ್ಲೇ.

ಅದಾದ್ಮೇಲೆ ಕಾಯಿ ಅಂದ್ರು. ವೀರ್ಯಾಣು ಒಂದು ಸುತ್ತು ತಯಾರಾಗೋಕೆ ಸುಮಾರು 74 ದಿನ ಬೇಕಂತೆ, ಅದು ಆಚೆ ಬರೋ ದಾರಿ ಸೇರಿದ್ರೆ ಮೂರು ತಿಂಗಳು. ಸಿಗರೇಟು ಬಿಟ್ಟು, ತೂಕ ಇಳ್ಸಿ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಳ್ಳೋದು ನಿಲ್ಸಿ ಬನ್ನಿ ಅಂದ್ರು. ಆದ್ರೆ ಈ ಕಾಯೋದು ಎಲ್ಲರಿಗೂ ಅಲ್ಲ, ನನ್ನ ವಯಸ್ಸು, ಎಎಂಎಚ್ (ಎಗ್ ಎಷ್ಟು ಉಳಿದಿದೆ ಅಂತ ಅಂದಾಜು ಕೊಡೋ ಬ್ಲಡ್ ಟೆಸ್ಟ್) ನೋಡಿ ಕಾಯಬೋದು ಅಂದಿದ್ದು. 38, 39 ಆಗಿದ್ರೆ ಗಂಡಂದು ಸುಧಾರಿಸ್ಲಿ ಅಂತ ಕಾಯ್ತಾ ಕೂರಲ್ಲ, ನಿಮ್ಮ ಎಗ್‌ಗೆ ಆ ಟೈಮಿಲ್ಲ ಅಂತ ನೇರವಾಗಿ ಹೇಳಿದ್ರು. ಸಮಸ್ಯೆ ಗಂಡಂದೇ ಆದ್ರೂ ರಿಸಲ್ಟ್ ನಿರ್ಧಾರ ಆಗೋದು ಜಾಸ್ತಿ ಹೆಂಡತಿ ವಯಸ್ಸಿನ ಮೇಲೆ, ಇದು ನಂಗೆ ಅರಗಿಸ್ಕೊಳ್ಳೋಕೆ ಕಷ್ಟ ಆಯ್ತು, ಈಗ್ಲೂ ಒಂಥರಾ ಸಿಟ್ಟು ಬರತ್ತೆ. ಅವ್ರ ವೀರ್ಯಾಣು ಕಮ್ಮಿ, ಹೊಟ್ಟೆಗೆ ಸೂಜಿ ನಂಗೆ. ಲೆಕ್ಕ ಹಂಗಿದೆ ಏನ್ ಮಾಡೋದು.

ಲೆಕ್ಕ ಅಂದಾಗ, ಇಲ್ಲಿಯ ಕೌನ್ಸೆಲರ್ ಬಗ್ಗೆ ಹೇಳ್ಲೇಬೇಕು, ಅರ್ಧ ಸ್ಟಾರ್ ಆ ಹುಡುಗಿಗೇ. ಒಂದು ಬಿಳಿ ಹಾಳೆ ತಗೊಂಡು ಕೂತ್ರು. 12 ಎಗ್ ಸಿಕ್ತು ಅಂದ್ಕೊಳ್ಳಿ, ಅದರಲ್ಲಿ ಬಲಿತಿರೋದು 9, 10. ಇಕ್ಸಿ ಮಾಡಿದ್ರೆ, ಅಂದ್ರೆ ಒಂದೊಂದು ಎಗ್ ಒಳಗೆ ಒಂದೊಂದೇ ವೀರ್ಯಾಣುನ ಸೂಜಿಲಿ ಚುಚ್ಚಿ ಬಿಟ್ರೆ, ಏಳರ ಹತ್ರ ಫಲಿಸತ್ತೆ. ಐದನೇ ದಿನಕ್ಕೆ ಬ್ಲಾಸ್ಟೋಸಿಸ್ಟ್, ಅಂದ್ರೆ ಗರ್ಭಕೋಶಕ್ಕೆ ಹಾಕೋಷ್ಟು ಬೆಳೆದ ಎಂಬ್ರಿಯೋ, ಆಗಿ ಉಳಿಯೋದು ಮೂರು. ಆ ಮೂರರಲ್ಲಿ ಒಂದನ್ನ ಹಾಕಿದ್ರೆ ಮಗು ಆಗೋ ಸಾಧ್ಯತೆ ಮೂರರಲ್ಲಿ ಒಂದು ಅಂತ ಇಟ್ಕೊಳ್ಳಿ. ಇದೆಲ್ಲ ಸರಾಸರಿ, ನಿಮ್ದು ಮೇಲೆ ಕೆಳಗೆ ಆಗಬೋದು ಅಂದ್ರು. ಯಾರೂ ಇಷ್ಟು ನಿಧಾನಕ್ಕೆ ನಮಗೆ ಹೇಳಿರ್ಲಿಲ್ಲ. ಈ ಹಾಳೆ ನೋಡಿದ್ಮೇಲೆ ಎಗ್ ಪಿಕಪ್ (ಅಂಡಾಶಯದಿಂದ ಎಗ್ ತೆಗೆಯೋ) ದಿನ ಇಷ್ಟೇನಾ ಬಂದಿದ್ದು, ಐದನೇ ದಿನ ಇಷ್ಟೇನಾ ಉಳಿದಿದ್ದು ಅಂತ ಕುಸಿದು ಬೀಳೋದು ತಪ್ಪತ್ತೆ. ಅಂದಹಾಗೆ ಹೀಗೆ ಸಾಧ್ಯತೆ, ಖರ್ಚು, ಸೈಡ್ ಎಫೆಕ್ಟ್, ಅವಳಿ ಆಗೋ ಅಪಾಯ ಎಲ್ಲಾ ಹೇಳೋದು ಅವ್ರ ದೊಡ್ಡಗುಣ ಅಲ್ಲ, 2021ರ ಎಆರ್‌ಟಿ (ಐವಿಎಫ್, ಐಯುಐ ಥರದ ಚಿಕಿತ್ಸೆಗಳ) ಕಾಯ್ದೆ ಪ್ರಕಾರ ಹೇಳ್ಲೇಬೇಕು. ಎಷ್ಟು ಕಡೆ ಹೇಳ್ತಾರೆ ಅನ್ನೋದು ಬೇರೆ ಪ್ರಶ್ನೆ.

ಕೌನ್ಸೆಲರ್ ಸತ್ಯ ಹೇಳಿದ್ರು, ಅದೇ ಬಿಲ್ಡಿಂಗ್‌ನ ರಿಸೆಪ್ಷನ್‌ನಲ್ಲಿಟ್ಟಿದ್ದ ಬಣ್ಣದ ಕರಪತ್ರ ಮಾತ್ರ "ಶೇ. 70 ಯಶಸ್ಸು" ಅಂತಿತ್ತು. ಯಾವುದರಲ್ಲಿ ಶೇ. 70 ಅಂತ ಕೇಳಿದೆ. ಶುರು ಮಾಡಿದ ಪ್ರತಿ ಸೈಕಲ್‌ಗಾ, ಹಾಕಿದ ಪ್ರತಿ ಎಂಬ್ರಿಯೋಗಾ, ಬೀಟಾ ಅನ್ನೋ ಬಸುರಿ ಬ್ಲಡ್ ಟೆಸ್ಟ್ ಪಾಸಿಟಿವ್ ಬಂದಿದ್ದಾ, ಹಾರ್ಟ್‌ಬೀಟ್ ಕಂಡಿದ್ದಾ, ಮಗು ಮನೆಗೆ ಹೋಗಿದ್ದಾ? ರಿಸೆಪ್ಷನ್ ಹುಡುಗಿ ಮ್ಯಾನೇಜರ್ ಕಡೆ ನೋಡಿದ್ಲು, ಮ್ಯಾನೇಜರ್ ಕೊನೆಗೆ ಅದು ಬ್ಲಡ್ ಟೆಸ್ಟ್ ಪಾಸಿಟಿವ್ ಲೆಕ್ಕ, ಅದೂ ಚಿಕ್ಕ ವಯಸ್ಸಿನೋರದ್ದು ಅಂತ ಒಪ್ಕೊಂಡ್ರು. ಪಾಸಿಟಿವ್ ಬಂದಿದ್ದೆಲ್ಲ ಮಗು ಆಗಲ್ಲ ಅಂತ ಅಲ್ಲಿ ಬರೋ ಪ್ರತಿಯೊಬ್ರಿಗೂ ಗೊತ್ತು. ಅರ್ಧ ಸ್ಟಾರ್ ಇಲ್ಲಿ ಕಟ್. ಎಲ್ಲೇ ಹೋಗಿ, ಈ ಒಂದು ಪ್ರಶ್ನೆ ಕೇಳಿ, ಉತ್ತರಕ್ಕಿಂತ ಅವ್ರ ಮುಖ ನೋಡಿ.

ಇನ್ನು ಸ್ಯಾಂಪಲ್ ರೂಮ್, ಇದರ ಬಗ್ಗೆ ಯಾರೂ ಬರೆಯಲ್ಲ ಅಂತ ನಮ್ಮನೆಯವ್ರೇ ಬರೆಸ್ತಿದ್ದಾರೆ. ಬಿಲ್ಲಿಂಗ್ ಕೌಂಟರ್ ಎದುರಿಗೇ ಬಾಗಿಲು. ಒಳಗೆ ಹೋಗೋದು ಬರೋದು ಇಡೀ ಹಾಲ್ ನೋಡತ್ತೆ, ಚಿಲಕ ಸರಿಯಾಗಿ ಬೀಳಲ್ಲ, ಹೊರಗೆ ಯಾರೋ ಟೋಕನ್ ನಂಬರ್ ಕೂಗ್ತಿರ್ತಾರೆ, ಮಧ್ಯದಲ್ಲಿ ನರ್ಸ್ ಬಾಗಿಲು ತಟ್ಟಿ "ಸಾರ್ ಆಯ್ತಾ" ಅಂತಾರೆ. ಲಕ್ಷಗಟ್ಲೆ ತಗೊಳ್ಳೋ ಜಾಗದಲ್ಲಿ ಗಂಡಸರಿಗೆ ಅಂತ ಇರೋದೇ ಅದೊಂದು ರೂಮು, ಅದನ್ನೂ ಸರಿಯಾಗಿ ಇಡೋಕಾಗಲ್ವಾ! ಆದ್ರೆ ಒಂದು ಕೆಲಸ ಬಹಳ ಚೆನ್ನಾಗಿ ಮಾಡಿದ್ರು, ಎಗ್ ಪಿಕಪ್‌ಗೆ ಮುಂಚೇನೇ ಎರಡು ಬೇರೆ ದಿನ ಸ್ಯಾಂಪಲ್ ತಗೊಂಡು ಫ್ರೀಜ್ ಮಾಡಿಟ್ರು. ಇಷ್ಟು ಕಮ್ಮಿ ಕೌಂಟ್ ಇರೋರಿಗೆ ಆ ದಿನ ಒಂದೂ ಸಿಗದೇ ಇರಬೋದು, ಟೆನ್ಷನ್‌ಗೆ ಕೆಲವರಿಗೆ ಕೊಡೋಕೇ ಆಗದೇ ಇರಬೋದು, ಹೆಂಡತಿ ಅನಸ್ತೇಷಿಯಾದಲ್ಲಿ ಮಲಗಿರೋವಾಗ ಇದಾದ್ರೆ ಗತಿ ಏನು. ನಿಮ್ಮ ಸೆಂಟರ್‌ನವ್ರು ತಾವಾಗೇ ಹೇಳದೇ ಇದ್ರೆ ನೀವೇ ಕೇಳಿ ಮಾಡಿಸ್ಕೊಳ್ಳಿ.

ಲ್ಯಾಬ್ ಕೆಲಸಕ್ಕೆ ಒಂದು ಪೂರ್ತಿ ಸ್ಟಾರ್. ಎಂಬ್ರಿಯಾಲಜಿಸ್ಟ್ ದಿನಾ ಫೋನ್ ಮಾಡಿ ಎಷ್ಟು ಬಲಿತಿತ್ತು, ಎಷ್ಟು ಫಲಿಸ್ತು, ಎಷ್ಟು ನಿಂತಿದೆ ಅಂತ ನಂಬರ್ ಸಮೇತ ಹೇಳ್ತಿದ್ರು, ಕೊನೆಗೆ ಲಿಖಿತವಾಗೂ ಕೊಟ್ರು. ಇಕ್ಸಿಗೆ ಮಿಲಿಯನ್ ಬೇಡ, ಎಷ್ಟು ಎಗ್ ಇದ್ಯೋ ಅಷ್ಟು ಜೀವಂತ ವೀರ್ಯಾಣು ಸಾಕು, ಇದೇ ಇದರ ಪವಾಡ. 1992ರಲ್ಲಿ ಬ್ರಸೆಲ್ಸ್‌ನಲ್ಲಿ ಪಲೆರ್ಮೋ ಅನ್ನೋ ಡಾಕ್ಟ್ರ ಟೀಮು ಈ ವಿಧಾನದಲ್ಲಿ ಬಸುರಿ ನಿಂತಿದ್ದನ್ನ ಪ್ರಕಟ ಮಾಡಿದ್ದು, ಅದಕ್ಕೆ ಮುಂಚೆ ನಮ್ಮಂಥ ಕೇಸಲ್ಲಿ ಡೋನರ್ ಅಥವಾ ದತ್ತು ಅಂತ ಹೇಳಿ ಕಳಿಸ್ತಿದ್ರು. ನಮ್ಮಪ್ಪ ಅಮ್ಮನ ಕಾಲದಲ್ಲಾಗಿದ್ರೆ ನಂಗೆ ಬಂಜೆ ಅಂತ ಹೆಸ್ರು ಕಟ್ಟಿ ಇವ್ರಿಗೆ ಇನ್ನೊಂದು ಮದುವೆ ಮಾಡ್ತಿದ್ರು, ಅವಳಿಗೂ ಆಗ್ತಿರ್ಲಿಲ್ಲ!

ನನ್ನ ದೇಹದ ವಿಷ್ಯದಲ್ಲೂ ಹುಷಾರಾಗಿದ್ರು. ತೊಂದ್ರೆ ಗಂಡಂದು ಆಗಿರೋ ಕಡೆ ಹೆಂಡತಿ ಸಾಮಾನ್ಯವಾಗಿ ಚಿಕ್ಕ ವಯಸ್ಸು, ಅಂಡಾಶಯ ಗಟ್ಟಿಮುಟ್ಟು, ಇಂಜೆಕ್ಷನ್ ಹಾಕಿದ್ರೆ ಸಿಕ್ಕಾಪಟ್ಟೆ ಎಗ್ ಬಂದು ಹೊಟ್ಟೆ ಊದಿ ನೀರು ತುಂಬ್ಕೊಳ್ಳೋ ಒಎಚ್‌ಎಸ್‌ಎಸ್ ಅಪಾಯ ಜಾಸ್ತಿ. ಅದಕ್ಕೇ ಕೊನೇಲಿ ಎಗ್ ಬಲಿಯೋಕೆ ಕೊಡೋ ಟ್ರಿಗರ್ ಇಂಜೆಕ್ಷನ್ ಬದಲಾಯ್ಸಿ, ಎಂಬ್ರಿಯೋ ಎಲ್ಲಾ ಫ್ರೀಜ್ ಮಾಡಿ, ಮುಂದಿನ ತಿಂಗಳು ಹಾಕಿದ್ರು. ಒಂದೇ ಎಂಬ್ರಿಯೋ. ಅತ್ತೆ, ಎರಡು ಹಾಕ್ಸೇ ಒಂದೇ ಸಲಕ್ಕೆ ಮುಗಿದೋಗತ್ತೆ ಅಂದ್ರು, ಮೇಡಂ ಒಪ್ಪಲಿಲ್ಲ, ಅವಳಿ ಅಂದ್ರೆ ತಿಂಗಳು ತುಂಬೋ ಮುಂಚೆ ಹೆರಿಗೆ, ಎನ್‌ಐಸಿಯು (ಆಗ ತಾನೇ ಹುಟ್ಟಿದ ಮಕ್ಕಳ ಐಸಿಯು), ಅದು ಬೋನಸ್ ಅಲ್ಲ ಅಂದ್ರು. ಮೊದಲ್ನೇದು ನೆಗೆಟಿವ್ ಬಂದಾಗ ಫೋನಲ್ಲಿ ಹೇಳ್ದೆ ಕರೆಸಿ ಕೂರ್ಸಿ ಹೇಳಿದ್ರು. ನಾನು ಅತ್ಬಿಟ್ಟೆ, ನಮ್ಮನೆಯವ್ರು ಪಾರ್ಕಿಂಗಲ್ಲಿ ಕೂತಿದ್ರು, ಆ ದಿನದ ಬಗ್ಗೆ ಇಷ್ಟು ಸಾಕು.

ಈಗ ನಂಗೆ ಹಿಡಿಸ್ದೇ ಇರೋದು. ಮೊದಲ್ನೇದು ಫೇಲ್ ಆದ ಕೂಡ್ಲೇ ಎಕ್ಸ್‌ಟ್ರಾ ಐಟಂಗಳ ಮೆನು ಬಂತು. ವೀರ್ಯಾಣು ಡಿಎನ್‌ಎ ಒಡೆದಿದ್ಯಾ ಅಂತ ನೋಡೋ ಫ್ರಾಗ್ಮೆಂಟೇಷನ್ ಟೆಸ್ಟ್, ಒಳ್ಳೇ ವೀರ್ಯಾಣು ಆರಿಸೋಕೆ ಅಂತ ಪಿಕ್ಸಿ, ಮ್ಯಾಕ್ಸ್, ಗರ್ಭಕೋಶಕ್ಕೆ ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್), ಒಂದೊಂದಕ್ಕೂ ಒಂದೊಂದು ರೇಟು. ಸೋತು ಕೂತಿರೋರು ಯಾವುದಕ್ಕೂ ಬೇಡ ಅನ್ನಲ್ಲ ಅಂತ ಅವ್ರಿಗೆ ಗೊತ್ತು. ನಾನು ರಾತ್ರಿ ಕೂತು ಓದ್ದೆ. ಪಿಕ್ಸಿ, ಅಂದ್ರೆ ವೀರ್ಯಾಣುನ ಹೈಲುರೋನಿಕ್ ಆಸಿಡ್‌ಗೆ ಅಂಟ್ಸಿ ಆರಿಸೋ ವಿಧಾನನ ಬ್ರಿಟನ್‌ನಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟ ಮಾಡಿದ್ದಾರೆ, ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚಾಗಿಲ್ಲ, ಗರ್ಭಪಾತ ಸ್ವಲ್ಪ ಕಮ್ಮಿ ಕಂಡಿದೆ. ಆಂಟಿಆಕ್ಸಿಡೆಂಟ್ ಮಾತ್ರೆಗಳ ಕಥೆನೂ ಅಷ್ಟೇ, 2020ರಲ್ಲಿ ಅಮೆರಿಕದ ಮೋಕ್ಸಿ ಅನ್ನೋ ಟ್ರಯಲ್‌ನಲ್ಲಿ ಡಮ್ಮಿ ಮಾತ್ರೆ ತಿಂದೋರಿಗಿಂತ ಕೌಂಟೂ ಏರಿಲ್ಲ, ಬಸುರಿ ಸಂಖ್ಯೆನೂ ಏರಿಲ್ಲ, ನಾವು ಹಳೇ ಆಸ್ಪತ್ರೆಲಿ ತಿಂಗಳಿಗೆ ಅದಕ್ಕೆ ಸುರಿದ ದುಡ್ಡಲ್ಲಿ ಒಂದು ಮಿಕ್ಸಿ ಬರ್ತಿತ್ತು. ಇವನ್ನೆಲ್ಲ ಮೇಡಂ ಮುಂದೆ ಇಟ್ಟಾಗ "ಬೇಡ ಅಂದ್ರೆ ಬಿಡಿ, ಅಂಥ ವ್ಯತ್ಯಾಸ ಏನಾಗಲ್ಲ" ಅಂದ್ರು. ಹಂಗಾದ್ರೆ ಮೆನುಲಿ ಯಾಕಿಟ್ರಿ ತಾಯೀ? ಬೇಡ ಅಂದ್ವಿ, ಏನೂ ಎಕ್ಸ್‌ಟ್ರಾ ಇಲ್ದೇನೇ ಮುಂದಿನದು ನಿಂತ್ಕೊಂಡ್ತು. ಅದು ಸಾಕ್ಷಿ ಅಲ್ಲ ಅಂತ ನಂಗೂ ಗೊತ್ತು, ಒಂದು ಕೇಸಿಂದ ಏನೂ ಹೇಳಕ್ಕಾಗಲ್ಲ ಅಂತ ಮೇಲೇ ಬರ್ದಿದೀನಲ್ಲ. ಅರ್ಧ ಸ್ಟಾರ್ ಕಟ್.

ಇನ್ನೊಂದು ಅರ್ಧ ಕಟ್ ಆಗಿದ್ದು ಕನ್ಸೆಂಟ್ ಫಾರಂ ಕಟ್ಟಿಗೆ. ಎಲ್ಲಿ ಟಿಕ್ ಇದ್ಯೋ ಅಲ್ಲಿ ಸೈನ್ ಮಾಡಿ ಅಂತ ಒಂದು ಕಟ್ಟು ಕೊಟ್ರು, ಅದರ ಮಧ್ಯದಲ್ಲಿ ಬೇಕಾದ್ರೆ ಡೋನರ್ ವೀರ್ಯ ಬಳಸಬೋದು ಅನ್ನೋ ಒಂದು ಹಾಳೆ. ಕೇಳಿದ್ರೆ ಎಮರ್ಜೆನ್ಸಿಗೆ ಇರ್ಲಿ ಮೇಡಂ ಅಂತ ಉಡಾಫೆ. ಇದು ಎಮರ್ಜೆನ್ಸಿಗೆ ಅಂತ ಸೈನ್ ಹಾಕೋ ವಿಷ್ಯನಾ? ಡೋನರ್ ತಗೊಳ್ಳೋದು ತಪ್ಪಲ್ಲ, ವೀರ್ಯಾಣುನೇ ಇಲ್ದೋರಿಗೆ ಅದು ಒಳ್ಳೇ ದಾರಿ, ಕಾಯ್ದೆ ಪ್ರಕಾರ ಹುಟ್ಟೋ ಮಗು ಎಲ್ಲಾ ರೀತಿಲೂ ಆ ದಂಪತಿಗಳದ್ದೇ, ಒಬ್ಬ ಡೋನರ್‌ದು ಒಂದೇ ದಂಪತಿಗೆ ಕೊಡಬೇಕು, ರಿಜಿಸ್ಟರ್ ಆದ ಬ್ಯಾಂಕಿಂದಾನೇ ಬರಬೇಕು. ಆದ್ರೆ ಅದನ್ನ ಗಂಡ ಹೆಂಡತಿ ಮನೇಲಿ ಕೂತು ಮಾತಾಡಿ ತೀರ್ಮಾನ ಮಾಡ್ಬೇಕು, ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಲ್ಲ. ನಾವು ಆ ಹಾಳೆಗೆ ಅಡ್ಡಗೆರೆ ಎಳೆದು "ಒಪ್ಪಿಗೆ ಇಲ್ಲ" ಅಂತ ಬರೆದು ಇಬ್ರೂ ಸೈನ್ ಹಾಕಿ ಫೋಟೋ ತಗೊಂಡ್ವಿ. ನೀವೂ ಎಲ್ಲಾ ಹಾಳೆ ಮನೆಗೆ ತಂದು ಓದಿ. ಎಂಬ್ರಿಯೋ ಎಷ್ಟು ವರ್ಷ ಇಡ್ತಾರೆ, ವರ್ಷಕ್ಕೆ ಎಷ್ಟು ಬಾಡಿಗೆ ಅನ್ನೋದೂ ಅದರಲ್ಲೇ ಇರತ್ತೆ, ಕಾಯ್ದೆ ಪ್ರಕಾರ ಹೆಚ್ಚಂದ್ರೆ 10 ವರ್ಷ.

ಕೌಂಟ್ ಪೂರ್ತಿ ಸೊನ್ನೆ ಇರೋರು ಕೇಳ್ತಾರೆ ಅಂತ ಒಂದು ಮಾತು. ವೇಟಿಂಗ್ ಹಾಲಲ್ಲಿ ಚಿತ್ರದುರ್ಗದ ಕಡೆಯ ದಂಪತಿ ಪರಿಚಯ ಆದ್ರು, ಅವ್ರದ್ದು ಆ ಕೇಸು. ಸೊನ್ನೆ ಅಂದ್ರೆ ಎರಡು ಥರ, ತಯಾರಾಗ್ತಿದೆ ಆದ್ರೆ ದಾರಿ ಮುಚ್ಚಿದೆ ಅನ್ನೋದೊಂದು, ತಯಾರಾಗೋದೇ ಕಷ್ಟ ಅನ್ನೋದು ಇನ್ನೊಂದು. ಮೊದಲ್ನೇದರಲ್ಲಿ ಸೂಜಿ ಹಾಕಿ ತೆಗೆದ್ರೆ ಬಹುತೇಕ ಎಲ್ಲರಿಗೂ ಸಿಗತ್ತೆ, ಇಕ್ಸಿ ರಿಸಲ್ಟೂ ಚೆನ್ನಾಗಿರತ್ತೆ. ಎರಡನೇದರಲ್ಲಿ ಮೈಕ್ರೋಸ್ಕೋಪ್ ಇಟ್ಟು ಬೀಜ ಬಿಡಿಸಿ ಹುಡುಕ್ತಾರೆ, ಮೈಕ್ರೋ ಟೀಸೆ ಅಂತಾರೆ, ನ್ಯೂಯಾರ್ಕಿನ ಶ್ಲೆಗೆಲ್ ಅನ್ನೋ ಡಾಕ್ಟ್ರು 1999ರ ಹೊತ್ತಿಗೆ ಶುರು ಮಾಡಿದ್ದು, ಅದರಲ್ಲಿ ಸಿಗೋದು ಹತ್ರ ಹತ್ರ ಅರ್ಧ ಜನಕ್ಕೆ, ಸಿಕ್ಕಿದ್ಮೇಲೆ ಮೇಲೆ ಬರೆದ ಲೆಕ್ಕ ಎಲ್ಲಾ ಶುರು. ವೈ ಕ್ರೋಮೋಸೋಮಲ್ಲಿ ವೀರ್ಯಾಣು ತಯಾರಿಗೆ ಬೇಕಾದ ಎಝಡ್‌ಎಫ್ ಎ ಅಥವಾ ಬಿ ಭಾಗ ಪೂರ್ತಿ ಇಲ್ಲದಿದ್ರೆ ಕತ್ತರಿಸಿದ್ರೂ ಸಿಗಲ್ಲ, ಅದಕ್ಕೇ ಟೆಸ್ಟ್ ಮಾಡದೇ ಆಪರೇಷನ್ ಟೇಬಲ್ ಹತ್ಬೇಡಿ. ಈ ಸೆಂಟರ್‌ನಲ್ಲಿ ಆ ಆಪರೇಷನ್ ಮಾಡಲ್ಲ, ಮಾಡೋ ಕಡೆಗೆ ಬರೆದು ಕಳ್ಸಿದ್ರು. ನಮ್ಮಲ್ಲಿ ಇಲ್ಲ ಅಂತ ಹೇಳೋದು ಈ ಫೀಲ್ಡಲ್ಲಿ ಅಪರೂಪ, ನಾನು ಅದಕ್ಕೆ ಮನಸ್ಸಲ್ಲೇ ಒಂದು ನಮಸ್ಕಾರ ಹಾಕ್ದೆ.

ಹೀಗೆ ಹುಟ್ಟಿದ ಮಕ್ಕಳು ಚೆನ್ನಾಗಿರ್ತಾರಾ, ಇದು ನಾನು ಕೇಳಿದ ಪ್ರಶ್ನೆ, ನೀವೂ ಕೇಳಿ. ಬಹುಪಾಲು ಚೆನ್ನಾಗೇ ಇರ್ತಾರೆ. 2012ರಲ್ಲಿ ಆಸ್ಟ್ರೇಲಿಯಾದ ಒಂದು ದೊಡ್ಡ ಲೆಕ್ಕ ಬಂದಿತ್ತು, ಅದರಲ್ಲಿ ಸಹಜವಾಗಿ ಆದ ಮಕ್ಕಳಲ್ಲಿ ಹುಟ್ಟು ನ್ಯೂನತೆ ಶೇ. 5.8 ಇದ್ರೆ ಇಕ್ಸಿ ಮಕ್ಕಳಲ್ಲಿ ಶೇ. 9.9. ಇದರಲ್ಲಿ ವಿಧಾನದ್ದೆಷ್ಟು, ಮಕ್ಕಳಾಗೋಕೆ ಕಷ್ಟ ಇರೋ ಅಪ್ಪ ಅಮ್ಮನ ದೇಹದ್ದೆಷ್ಟು ಅಂತ ಬಿಡಿಸೋದು ಕಷ್ಟ ಅಂದ್ರು ಮೇಡಂ. ಆಮೇಲೆ ಬ್ರಸೆಲ್ಸ್‌ನಲ್ಲಿ ಮೊದಮೊದಲು ಇಕ್ಸಿಯಿಂದ ಹುಟ್ಟಿ ಈಗ ದೊಡ್ಡೋರಾದ ಹುಡುಗ್ರನ್ನ ಪರೀಕ್ಷೆ ಮಾಡಿ 2016ರಲ್ಲಿ ಬರೆದಿದ್ದಾರೆ, ಅವ್ರ ಕೌಂಟ್ ಬೇರೆ ಹುಡುಗ್ರಿಗಿಂತ ಅರ್ಧದಷ್ಟೇ ಇತ್ತು. ಅಂದ್ರೆ ಅಪ್ಪನದ್ದು ಮಗನಿಗೆ ಹೋಗಬೋದು. ನಮ್ಮನೆಯವ್ರು ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದು, "ಅವನ ಕಾಲಕ್ಕೆ ಅವನಿಗೂ ಯಾವ್ದೋ ಸೂಜಿ ಬಂದಿರತ್ತೆ ಬಿಡಿ ಮೇಡಂ" ಅಂದ್ರು. ಗಂಡೋ ಹೆಣ್ಣೋ ಆರಿಸ್ತಾರಾ ಅಂತ ಕೇಳೋ ಸಂಬಂಧಿಕರಿಗೆ: ಆರ್ಸಲ್ಲ, ಅದು ಅಪರಾಧ, ಬೋರ್ಡೇ ಹಾಕಿದ್ದಾರೆ.

ದುಡ್ಡಿನ ವಿಷ್ಯ. ಬೆಂಗಳೂರಲ್ಲಿ ಇಕ್ಸಿ ಸೈಕಲ್ ಒಂದಕ್ಕೆ ಒಂದೂವರೆಯಿಂದ ಎರಡೂವರೆ ಲಕ್ಷ ಅಂತ ಎಲ್ಲಾ ಕಡೆ ಹೇಳ್ತಾರೆ, ನಮ್ದೂ ಅದರೊಳಗೇ ಶುರುವಾಯ್ತು, ಆದ್ರೆ ಇಂಜೆಕ್ಷನ್, ಫ್ರೀಜಿಂಗ್, ಆಮೇಲಿನ ಟ್ರಾನ್ಸ್‌ಫರ್ ಎಲ್ಲಾ ಬೇರೆ ಬೇರೆ. ಪ್ಯಾಕೇಜಲ್ಲಿ ಏನು ಸೇರಿಲ್ಲ ಅಂತ ಬರೆಸ್ಕೊಳ್ಳಿ, ಏನು ಸೇರಿದೆ ಅನ್ನೋದಲ್ಲ. ಹೆಲ್ತ್ ಇನ್ಶೂರೆನ್ಸ್ ನಂಬ್ಕೊಂಡ್ ಹೋಗ್ಬೇಡಿ, ಪಾಲಿಸಿಲಿ ಎಕ್ಸ್‌ಕ್ಲೂಷನ್ 17 ಅಂತ ಒಂದಿರತ್ತೆ, ಅದರ ಪ್ರಕಾರ ಬಂಜೆತನದ ಚಿಕಿತ್ಸೆ ಪಾಲಿಸಿಯಿಂದ ಆಚೆ. ಟ್ರೀಟ್‌ಮೆಂಟ್ ಮೇಲೆ ಜಿಎಸ್‌ಟಿ ಹಾಕಿದ್ರೆ ಕೇಳಿ, ಐವಿಎಫ್ ಕೂಡ ಆರೋಗ್ಯ ಸೇವೆನೇ, ಜಿಎಸ್‌ಟಿ ಇಲ್ಲ ಅಂತ 2022ರಲ್ಲೇ ಸರ್ಕಾರ ಸ್ಪಷ್ಟ ಮಾಡಿದೆ. ಇಂಜೆಕ್ಷನ್ ಒಳಗಿನ ಮೆಡಿಕಲ್ ಸ್ಟೋರಲ್ಲೇ ತಗೋಬೇಕು ಅಂತ ಇಲ್ಲೂ ಒತ್ತಾಯ ಇತ್ತು, ಅದೇ ಬ್ರ್ಯಾಂಡ್ ಹೊರಗಡೆ ಕಮ್ಮಿಗೆ ಸಿಕ್ತು, ಕೋಲ್ಡ್ ಚೈನ್ ಸರಿ ಇರ್ಬೇಕು ಅಷ್ಟೇ, ಐಸ್ ಪ್ಯಾಕ್ ಹಾಕ್ಕೊಂಡು ತನ್ನಿ.

ರಿಸೆಪ್ಷನ್ ಪಕ್ಕ ಎಆರ್‌ಟಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ತೂಗು ಹಾಕಿದ್ದಾರೆ, ಅದರಲ್ಲಿ ಲೆವೆಲ್ 2 ಅಂತ ಇದ್ಯಾ ನೋಡ್ಕೊಳ್ಳಿ, ಲೆವೆಲ್ 1 ಇರೋರು ಐಯುಐ ಮಾತ್ರ ಮಾಡಬೋದು. ಕಾಯ್ದೆಲಿ ಹೆಂಗಸ್ರಿಗೆ 50, ಗಂಡಸ್ರಿಗೆ 55 ವರ್ಷದ ಮಿತಿ ಇದೆ, ಎರಡನೇ ಮದುವೆ ಆದೋರು ಗಮನಿಸಿ.

ಯಾರಿಗೆ ಈ ಥರದ ಸೆಂಟರ್ ಸರಿ ಅಂದ್ರೆ, ಗಂಡನ ಕೌಂಟ್ ಕಮ್ಮಿ ಇದ್ದು ಹೆಂಡತಿಗೇ ಟೆಸ್ಟ್ ಮೇಲೆ ಟೆಸ್ಟ್ ಮಾಡಿಸ್ತಿರೋರು, ಕೇಳಿದ್ದಕ್ಕೆ ಉತ್ತರ ಬೇಕು ಅನ್ನೋರು, ಇಂಥದ್ದನ್ನ ಹುಡುಕಿ ಹೋಗಿ, ಆಂಡ್ರಾಲಜಿಸ್ಟ್ ಯಾವ ದಿನ ಬರ್ತಾರೆ ಅಂತ ಫೋನ್ ಮಾಡಿ ಕೇಳಿ, ಅಂಥವ್ರು ನಮ್ಮಲ್ಲಿಲ್ಲ ಅಂದ್ರೆ ಫೋನ್ ಇಟ್ಬಿಡಿ. ಕೌಂಟ್ ಸೊನ್ನೆ ಇರೋರು ಮೈಕ್ರೋ ಟೀಸೆ ಅಲ್ಲೇ ಮಾಡೋ ಕಡೆ ಹೋಗೋದು ವಾಸಿ. ಭಾನುವಾರ ಭಯಂಕರ ರಶ್, ಊರಿಂದ ಬರೋರೆಲ್ಲ ಅವತ್ತೇ ಬರ್ತಾರೆ. ವಾರದ ಮಧ್ಯೆ ಬೆಳಿಗ್ಗೆ ಸ್ಕ್ಯಾನಿಗೆ ಮೊದಲ ಟೋಕನ್ ಸಿಕ್ಕಿದ್ರೆ ಆಫೀಸ್ ಟೈಮಿಗೆ ಆಚೆ ಬರಬೋದು. ಪಾರ್ಕಿಂಗ್ ಇದೆ ಅಂತಾರೆ, ಇರೋದು ಟೂ ವೀಲರ್‌ಗೆ ಮಾತ್ರ, ಪಿಕಪ್ ದಿನ ಆಟೋಲೇ ಬನ್ನಿ.